ಹೊಳೆ ಮಗ್ಗುಲು ಬದಲಿಸಿದ ಊರು

ಕಾರ್ತಹೆನಾದಿಂದ ಬಸ್ಸಿನಲ್ಲಿ ಆರೂವರೆ ತಾಸು.
ಕೊನೆಯ ಗಂಟೆ ಪೂರ್ತಿ ಜೌಗು, ಕೊಕ್ಕರೆ,
ಅರ್ಧ ಮುಳುಗಿದ ಬೇಲಿಯ ಮೇಲೆ ಯಾರದೋ ಅಂಗಿ.
ಮೊಂಪೋಸ್‌ನಲ್ಲಿ ಇಳಿದಾಗ ನನ್ನ ಹತ್ತಿರ ಇದ್ದದ್ದು
ಒಂದು ಚೀಲ, ನಲವತ್ತು ಸ್ಪ್ಯಾನಿಷ್ ಪದ,
‘ನದೀತೀರದ ಐತಿಹಾಸಿಕ ಪಟ್ಟಣ’ ಎಂದು ಅಚ್ಚಾದ
ಬೆವರಿಗೆ ಮೆತ್ತಗಾದ ಒಂದು ನಕ್ಷೆ.

ನದಿ ಎಲ್ಲಿ, ಅಂದೆ.
ಕತ್ತೆಗಾಡಿಯವನು ಕೈ ಎತ್ತಲಿಲ್ಲ,
ಗದ್ದದಲ್ಲೇ ತೋರಿಸಿದ.

ಇತ್ತು.
ದಂಡೆಯ ಗೋಡೆ ದೊಡ್ಡದು, ನೀರು ಸಣ್ಣದು,
ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ.
ಹಡಗು ಬಂದು ತಾಗುತ್ತಿದ್ದ ಮೆಟ್ಟಿಲ ಮೇಲೆ
ಇಗ್ವಾನವೊಂದು ಸುಂಕದವನಂತೆ ಕೂತು
ನನ್ನನ್ನು ಮೇಲಿಂದ ಕೆಳಗೆ ನೋಡಿ
ಹೋಗು ಅಂತ ಕಣ್ಣು ಮುಚ್ಚಿತು.

ದೋಣಿಯ ಒಲಿಂಪೊ ಹೇಳಿದ:
ಮಗ್ದಲೇನಾ ಮೊದಲು ಈ ದಾರಿಯಲ್ಲೇ ಬರುತ್ತಿದ್ದಳು.
ನಮ್ಮ ಮುತ್ತಜ್ಜನ ಕಾಲಕ್ಕೆ
ಲೋಬಾದ ಕವಲಿನ ಮೇಲೆ ಮನಸ್ಸಾಯಿತು, ಹೋದಳು.
ವ್ಯಾಪಾರಿಗಳು, ಹಡಗಿನವರು, ಸಾಲ ಕೊಡುವವರು
ಎಲ್ಲ ಅವಳ ಹಿಂದೆಯೇ ಹೋದರು.
ಮತ್ತೆ ಉಳಿದವರು?
ಬಾಗಿಲಿಗೆ ಬಣ್ಣ ಹೊಡೆದೆವು, ಅಂದ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು
ಅಂತ ನಮ್ಮ ಕಡೆ ಮಾತು.
ಇಲ್ಲಿ ಹೊಳೆಯೇ ಅಂಬಿಗನನ್ನು ದಾಟಿಹೋಗಿದೆ.
ನನ್ನ ನಲವತ್ತು ಪದದಲ್ಲಿ ಅದನ್ನು ಹೇಳಲು ಹೋಗಿ
‘ಹೊಳೆ’, ‘ಸಾಲ’, ‘ಕೆಟ್ಟದು’ ಅಂತ ಏನೋ ಹೇಳಿದೆ.
ಬಾಡಿಗೆ ಹೆಚ್ಚಾಯಿತು ಅಂತಿದ್ದೀನಿ ಎಂದುಕೊಂಡು
ಪಾಪ, ಸ್ವಲ್ಪ ಇಳಿಸಿದ.

ಮಧ್ಯಾಹ್ನ ಎವೆಲಿಯೊನ ಅಂಗಡಿ.
ಕೂದಲೆಳೆಯಷ್ಟು ಬೆಳ್ಳಿಯ ತಂತಿ ಎರಡು,
ಒಂದರ ಸುತ್ತ ಒಂದು ಹೊಸೆದು, ಬಡಿದು, ಬಳುಕಿಸಿ
ಅವನು ಮಾಡಿದರೆ ಎಸಳು.
ಚಿಮಟ ನನ್ನ ಕೈಗೆ ಕೊಟ್ಟ.
ನಾನು ಮಾಡಿದ್ದು ಎಸಳಾಗಲಿಲ್ಲ, ಇಲಿಯ ಕಿವಿಯಾಯಿತು.
ನಗದೆ ಅದನ್ನು ಮೂಸೆಗೆ ಹಾಕಿ ಊದಿದ:
ಬೆಳ್ಳಿಗೆ ಹಗೆಯಿಲ್ಲ ಸೆನ್ಯೋರಾ,
ನೀರಾದರೆ ಎಲ್ಲ ಮರೆಯುತ್ತದೆ.
ಇಂಥ ಮಾತು ಕೇಳಿದ ಮೇಲೂ ನಾನು
ಅಭ್ಯಾಸಬಲ, ಓಲೆಗೆ ಚೌಕಾಶಿ ಮಾಡಿದೆ.

ಚರ್ಚಿನ ಗಂಟೆಗೋಪುರಕ್ಕೆ ಸುತ್ತಲೂ ಬಾಲ್ಕನಿ.
ದೇವರಿಗೂ ಇಲ್ಲಿ ಒಳಗೆ ಸೆಕೆ ಇರಬೇಕು.

ಬಿಸಿಲು ಇಳಿದದ್ದೇ ಮನೆಮನೆಯಿಂದ
ತೂಗುಕುರ್ಚಿಗಳು ಬೀದಿಗೆ ಬಂದವು.
ಉಳಿದ ಮನೆಯೊಡತಿ ದೋನ್ಯಾ ಬೆತ್ಸಾಬೆ
ನನಗೂ ಒಂದು ಎಳೆದಳು. ತೊಡೆಯ ಮೇಲೆ ದಪ್ಪ ಪುಸ್ತಕ.
ಎಷ್ಟು ರಾತ್ರಿ?
ಒಂದು.
ಬರೆದುಕೊಂಡಳು. ಪಕ್ಕದ ಕಲಂ ಖಾಲಿ.
ಅದೇನು ಅಂದರೆ, ಹೇಳಿದ್ದು ಇಲ್ಲಿ, ಇದ್ದದ್ದು ಅಲ್ಲಿ.
ಬೆಲ್ಜಿಯಮ್ಮಿನವ ಒಬ್ಬ ಎರಡು ಅಂದಿದ್ದ,
ಹನ್ನೊಂದು ವರ್ಷ ಇದ್ದ.
ಬಾಡಿಗೆ?
ಎರಡು ರಾತ್ರಿಯದು ಕೊಟ್ಟ.

ಕುರ್ಚಿ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ,
ಎಲ್ಲಿಗೂ ಒಯ್ಯುವುದಿಲ್ಲ.
ನಾಳೆ ಬೆಳಗಿನ ಬಸ್ಸು, ನೋಡದೆ ಉಳಿದ ಮೂರು ಚರ್ಚು,
ಮನೆಗೆ ಕಳಿಸಬೇಕಿದ್ದ ಫೋಟೋ,
ಒಂದೊಂದೇ ನನ್ನ ಮಡಿಲಿನಿಂದ ಜಾರಿ
ಕುರ್ಚಿಯ ಕೆಳಗೆಲ್ಲೋ ಬಿದ್ದವು. ಬಗ್ಗಲಿಲ್ಲ.
ಎದುರು ಮನೆಯ ಹುಡುಗಿ ಯುರಾನಿ
ಕೇಳದೆಯೇ ಒಂದು ತುಂಡು ಚೀಸ್ ತಂದಿಟ್ಟು ಹೋದಳು,
ಪದರ ಪದರ, ಉಪ್ಪುಪ್ಪು.

ಆಗ ಬಂದರು ಇಬ್ಬರು,
ಹೊಸ ಟೋಪಿ, ಕೊರಳಲ್ಲಿ ಕ್ಯಾಮೆರಾ,
ಕೈಯಲ್ಲಿ ನನ್ನದೇ ನಕ್ಷೆ, ಇನ್ನೂ ಗರಿಗರಿ.
ನನ್ನ ಮೈಬಣ್ಣ ನೋಡಿದರು, ಕುರ್ಚಿ ನೋಡಿದರು,
ಬಾಯಲ್ಲಿ ಚೀಸ್ ನೋಡಿದರು;
ವಿನಯದಿಂದ, ನನಗಿಂತ ಕಡಿಮೆ ಸ್ಪ್ಯಾನಿಷ್‌ನಲ್ಲಿ
ಕೇಳಿದರು: ಅಮ್ಮಾ, ನದಿ ಎಲ್ಲಿ?

ನಾನು ತೂಗುವುದು ನಿಲ್ಲಿಸಲಿಲ್ಲ.
ಗದ್ದದಲ್ಲಿ ತೋರಿಸಿದೆ.

ಅವರು ಒಂದು ಫೋಟೋ ತೆಗೆದುಕೊಂಡು ಹೋದರು.
ಬೀದಿ ತಿರುವಿನವರೆಗೂ ಸುಮ್ಮನಿದ್ದ ಬೆತ್ಸಾಬೆ
ಅದು ಸ್ಮಶಾನದ ದಾರಿ, ಅಂದಳು.
ಅಯ್ಯೋ, ಎಂದು ನಾನು ಏಳಹೊರಟರೆ
ಕೂತ್ಕೋ, ಹೋಗಿಬರಲಿ, ಅಲ್ಲಿ ಬೆಕ್ಕುಗಳಿವೆ.
ಮತ್ತೆ ಪುಸ್ತಕ ತೆರೆದು
ನನ್ನ ಒಂದರ ಪಕ್ಕದ ಖಾಲಿ ಜಾಗವನ್ನೇ ನೋಡುತ್ತ
ಪೆನ್ಸಿಲ್ಲಿನ ತುದಿ ಚೀಪತೊಡಗಿದಳು.